ನಾಲ್ಕು ನಾಲ್ಕು ಜನರ ಶಿಲುಬೆ ಹಾದಿ

5 ಮಾರ್ಚ್ 2025, ವಿಭೂತಿ ಬುಧವಾರ

ಲೂರ್ದಮ್ಮನಿಗೆ ಬರೆದ ಕಾಗದವನ್ನು ಜೈಲಿನವರು ಒಡೆದು ಓದಿಯೇ ಕೊಡುವುದಂತೆ. ಹಾಗಾಗಿ ‘ಎಮ್ಮೆ ಈಯಿತು, ಹೆಣ್ಣು ಕರು, ಮಾತ್ರೆ ತಪ್ಪಿಸಬೇಡ ತಂಗಿ’ ಎಂದಷ್ಟೇ ಬರೆದು ಹಾಕಿದೆ. ಮಿಕ್ಕಿದ್ದೆಲ್ಲ ಹೊಟ್ಟೆಯಲ್ಲೇ ಉಳಿಯಿತು. ಅರವತ್ತೆಂಟು ವರ್ಷದ ಹೊಟ್ಟೆ, ಹೆಚ್ಚು ಹಿಡಿಯುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತೇನೆ. ನಾನು ಶಾಲೆಗೆ ಹೋದವನಲ್ಲ. ಜಪದ ಪುಸ್ತಕ ನೋಡಿಕೊಂಡು, ಗೋರಿಕಲ್ಲಿನ ಮೇಲೆ ಸತ್ತವರ ಹೆಸರು ಕೆತ್ತುತ್ತ ಅಕ್ಷರ ಕಲಿತವನು. ಬರೆಯುವುದು ನಿಧಾನ.

ನಡೆದದ್ದು ಇಷ್ಟು. ನಮ್ಮ ಕಲ್ಲಹಟ್ಟಿಯ ಹಿಂದಿನ ಗುಡ್ಡದಲ್ಲಿ ಮ್ಯಾಂಗನೀಸ್ ಅದಿರು ಸಿಕ್ಕಿದೆಯಂತೆ. ಗುಡ್ಡ ಹೋದರೆ ಅದರ ತಪ್ಪಲಿನ ಕೆರೆಗೆ ನೀರಿಲ್ಲ, ಕುರಿಗೆ ಮೇವಿಲ್ಲ. ಕಳೆದ ತಿಂಗಳು ಊರಿನ ಹೆಂಗಸರು ಅಗೆಯುವ ಮಿಷನ್ನಿನ ಮುಂದೆ ದಾರಿಗಡ್ಡ ಕೂತರು. ಕೂರಿಸಿದವಳು ನನ್ನ ತಂಗಿ ಲೂರ್ದಮ್ಮ. ಪೊಲೀಸರು ಎಲ್ಲರನ್ನೂ ವ್ಯಾನಿಗೆ ತುಂಬಿ ತಾಲ್ಲೂಕು ಕಚೇರಿಗೆ ಒಯ್ದರು. ಇನ್ನು ಮುಂದೆ ಶಾಂತಿ ಕೆಡಿಸುವುದಿಲ್ಲ, ಯಾವ ಹೋರಾಟಕ್ಕೂ ಹೋಗುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟರೆ ಬಿಡುತ್ತೇವೆ ಎಂದರು. ಒಬ್ಬೊಬ್ಬರೇ ಸಹಿ ಹಾಕಿ ಬಂದರು. ನಾನೂ ಹಾಕಿದೆ. ನಾನು ಅವತ್ತು ಕೂತಿರಲೂ ಇಲ್ಲ, ಬುತ್ತಿ ಕೊಡಲು ಹೋಗಿದ್ದವನು. ಹಾಕು ಅಂದರು, ಹಾಕಿದೆ.

ಲೂರ್ದಮ್ಮ ಹಾಕಲಿಲ್ಲ. “ಶಾಂತಿ ಕೆಡ್ಸಿದ್ದು ಮಿಷನ್ನು ಸ್ವಾಮಿ. ಅದ್ರ ಕೈಲಿ ಬರಿಸ್ಕಳ್ರಿ” ಅಂದಳು. ಕುರಿ ಕಾಯುವ ಜಂಪಣ್ಣನ ಹೆಂಡತಿ ಚಂದ್ರಕ್ಕ, “ಅಕ್ಕ ಹಾಕ್ದಿದ್ರೆ ನಾನೂ ಹಾಕಲ್ಲ” ಅಂದಳು. ಇಬ್ಬರನ್ನೂ ಜೈಲಿಗೆ ಕಳಿಸಿದರು.

ಇವತ್ತು ಫಾದರ್ ವಿನ್ಸೆಂಟ್ ಬಂದು ಎಲ್ಲರ ಹಣೆಗೂ ಬೂದಿಯಲ್ಲಿ ಶಿಲುಬೆ ಎಳೆದರು. ವಾಪಸು ಬರುವಾಗ ಮುರುಗಪ್ಪ ಸಿಕ್ಕ. ಅವನದು ಗುಡ್ಡದ ಕೆಳಗೇ ಹೊಲ, ಸಿರಿಗೆರೆ ಮಠದ ಶಿಷ್ಯ, ನನ್ನ ಓರಗೆಯವನು.

“ಏನಪ್ಪ ಇನ್ನಾಸಣ್ಣ, ನೀನೂ ನಮ್ಮಂಗೆ ವಿಭೂತಿ ಹಚ್ಕಂಡೀಯ? ಅಡ್ಡ ಬಳಿಯೋದು ಸಾಲ್ದು ಅಂತ ನಿಮ್ಮ ಸ್ವಾಮಿ ಉದ್ದಾನೂ ಎಳ್ದಾರಲ್ಲ!”

ನಕ್ಕೆ. ಮನೆಗೆ ಬಂದು ಅವಳ ಸೀರೆ ಹಗ್ಗದ ಮೇಲೆ ಹಾಗೇ ಇರುವುದು ನೋಡಿ ನಗು ಇಳಿಯಿತು.

12 ಮಾರ್ಚ್

ಹೊಳಲ್ಕೆರೆಗೆ ಹೋಗಿ ವಕೀಲ ಗಂಗಾಧರಪ್ಪನವರನ್ನು ಕಂಡೆ. ಒಳ್ಳೆಯವರು. ಮೇಲಿನ ಕೋರ್ಟಿಗೆ ಅರ್ಜಿ ಹಾಕಿದ್ದಾರೆ, ಯಾವಾಗ ಬರುತ್ತದೋ ಗೊತ್ತಿಲ್ಲ.

“ನಿಮ್ಮ ತಂಗೀಗೆ ಶುಗರ್ ಬ್ಯಾರೆ ಐತೆ ಅಂತೀರಿ. ಒಂದು ಸಹಿಗೆ ಇಷ್ಟು ಹಟ ಯಾಕ್ರಿ? ಬುದ್ಧಿ ಹೇಳ್ರಿ, ನೀವು ದೊಡ್ಡೋರು.”

ಹೇಳುತ್ತೇನೆ ಅಂದೆ. ಅವಳಿಗೆ ಬುದ್ಧಿ ಹೇಳಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

15 ಮಾರ್ಚ್

ಇನ್ಸ್‌ಪೆಕ್ಟರ್ ಪ್ರಭುಲಿಂಗ ಸಾಹೇಬರು ಜೀಪಿನಲ್ಲಿ ಮನೆಗೇ ಬಂದರು. ಗಟ್ಟಿ ಮಾತಾಡಲಿಲ್ಲ. ಟೀ ಕುಡಿದರು. ಕರುವಿನ ಕತ್ತು ಸವರಿದರು. ಆಮೇಲೆ ಹೇಳಿದರು.

ನಾನು ಒಂದು ಹೇಳಿಕೆ ಕೊಡಬೇಕಂತೆ. ಈ ಹೋರಾಟ ಗುಡ್ಡಕ್ಕಲ್ಲ, ಚರ್ಚಿನವರು ಹೊರಗಿನಿಂದ ಜನ ಕರೆಸಿ, ದುಡ್ಡು ಹಂಚಿ, ಊರಿನವರನ್ನು ಮತಾಂತರ ಮಾಡಲು ಹೂಡಿದ ಆಟ. ಲೂರ್ದಮ್ಮ ತಿಳಿವಳಿಕೆಯಿಲ್ಲದ ಹೆಂಗಸು, ದಾರಿ ತಪ್ಪಿದಳು ಎಂದು. “ಅಷ್ಟು ಹೇಳಯ್ಯ. ಮುಚ್ಚಳಿಕೇನೂ ಬ್ಯಾಡ, ಏನೂ ಬ್ಯಾಡ. ಸಂಜೆ ಒಳಗೆ ತಂಗಿ ಮನೇಲಿರ್ತಾಳೆ. ನಿಮ್ಮ ಈಸ್ಟರ್ ಹಬ್ಬ ಮುಗಿಯೋತಂಕ ಟೈಮ್ ಕೊಡ್ತೀನಿ.”

“ಯೋಚ್ನೆ ಮಾಡ್ತೀನಿ ಸ್ವಾಮಿ” ಅಂದೆ.

ಇಲ್ಲ ಅನ್ನಲಿಲ್ಲ.

19 ಮಾರ್ಚ್

ಜೈಲಿಗೆ ಹೋಗಿ ಬಂದೆ. ಜಾಲರಿಯ ಆಚೆ ಅವಳು, ಈಚೆ ನಾನು. ಸೊರಗಿದ್ದಾಳೆ. ಕಾಲು ಊದಿಕೊಂಡಿದೆ, ಸೆರಗು ಮುಚ್ಚಿ ಅಡಗಿಸಿಕೊಂಡಳು, ನಾನು ಕಾಣದವನಂತೆ ಇದ್ದೆ.

ಒಯ್ದಿದ್ದ ಜಪಸರವನ್ನು ಒಳಗೆ ಬಿಡಲಿಲ್ಲ. ದಾರ ಇರುವ ವಸ್ತು ಬಿಡುವಂತಿಲ್ಲವಂತೆ. ಕಾವಲಿನ ಹೆಣ್ಣುಮಗಳು ಪಾಪ, “ನಂಗೂ ಕೊಡಬೇಕು ಅನ್ಸತ್ತೆ ಅಜ್ಜ, ನೌಕ್ರಿ” ಅಂದಳು. ಲೂರ್ದಮ್ಮ ನಕ್ಕಳು.

“ಬಿಡಣ್ಣ, ಸಾರಿನಾಗೆ ಸಿಕ್ಕಿದ ಹುರುಳಿಕಾಳು ಒಣಗ್ಸಿ ಇಟ್ಕಂಡೀನಿ. ಒಂದೊಂದು ಕಾಳಿಗೆ ಒಂದೊಂದು ಜಪ. ಚಂದ್ರಕ್ಕ ಪಕ್ಕದಾಗೆ ಕುಂತು ಅವೇ ಕಾಳಿಗೆ ಅವರ ಚೌಡೇಶ್ವರಿನ ನೆನಿತಾಳೆ. ಕಾಳಿಗೇನು ಗೊತ್ತು?”

ಇನ್ಸ್‌ಪೆಕ್ಟರು ಬಂದದ್ದು ಹೇಳಿದೆ. ಅವಳ ಮುಖ ನೋಡದೆ ಹೇಳಿದೆ. ಆಮೇಲೆ, ಆ ಹೇಳಿಕೆ ಬೇಡವಾದರೆ ಮುಚ್ಚಳಿಕೆಯನ್ನಾದರೂ ಬರೆದುಕೊಡು, ಸಾಯುತ್ತೀಯ ಇಲ್ಲಿ, ಅಂದೆ. ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ.

“ನಂಗೂ ಭಯ ಐತಣ್ಣ. ದಿನಾ ಬೆಳಿಗ್ಗೆ ಬಾಗಿಲು ತೆಗೆಯೋ ಸದ್ದಿಗೆ ಚಂದ್ರಕ್ಕನ ಕೈ ಹಿಡ್ಕಂತೀನಿ. ಮೊದ್ಲು ನಾಚಿಕೆ ಆಗ್ತಿತ್ತು, ವಿಶ್ವಾಸ ಇದ್ದೋಳಿಗೆ ಭಯ ಬರಬಾರದು ಅಂತ. ಆಮೇಲೆ ನೆನಪಾಯ್ತು, ಯೇಸುಸ್ವಾಮಿಗೂ ಹಿಡಿಯೋಕೆ ಬರೋ ಮುಂಚೆ ತೋಟದಾಗೆ ಬೆವರು ರಕ್ತ ಆಗಿ ಇಳೀತು. ಇದು ತಪ್ಪಿಸಪ್ಪ ಅಂತ ಬೇಡ್ಕಂಡ್ರು. ಅವ್ರಿಗೂ ಭಯ ಹೋಗ್ಲಿಲ್ಲ. ಅವ್ರು ಓಡಿ ಹೋಗ್ಲಿಲ್ಲ, ಅಷ್ಟೇ.”

ಹೊತ್ತು ಮುಗಿಯಿತು ಎಂದರು. ಎದ್ದು ಹೋಗುತ್ತ ತಿರುಗಿ, “ವಾರವಾರ ಶುಕ್ರವಾರ ಶಿಲುಬೆ ಹಾದಿ ಜಪ ನಡೆಸ್ತಿದೀಯ? ನೀನು ಉಪದೇಶಿ, ಜಪ ಹೇಳಿಸೋನು, ಫಾದರ್ ಬರಲಿಲ್ಲ ಅಂತ ಬಿಡಬ್ಯಾಡ” ಅಂದಳು.

ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ. ಇವಳು ನನಗಿಂತ ಹತ್ತು ವರ್ಷ ಚಿಕ್ಕವಳು. ನಾನೇ ಎತ್ತಿ ಆಡಿಸಿದ್ದು.

30 ಮಾರ್ಚ್, ಯುಗಾದಿ

ಮುರುಗಪ್ಪನ ಹೆಂಡತಿ ಕಮಲಮ್ಮ ಬೇವುಬೆಲ್ಲ, ಹೋಳಿಗೆ ಕಳಿಸಿದ್ದಳು, ಮುರುಗಪ್ಪನೇ ತಂದ. ಈಸ್ಟರ್ ತನಕ ನಮಗೆ ತಪಸ್ಸುಕಾಲ, ಸಿಹಿ ಬಿಟ್ಟಿದ್ದೇನೆ ಅಂದರೆ, “ಬೇವು ತಿನ್ನು, ಬೆಲ್ಲ ನಾನು ತಿಂತೀನಿ” ಎಂದು ಕೂತ. ಬೆಲ್ಲ ಬಾಯಿಗೆ ಹಾಕಿಕೊಂಡು ಕೇಳಿದ.

“ಹೇಳಿಕೆ ಕೊಡ್ತೀಯಂತಲ್ಲ?”

“ಯಾರು ಹೇಳಿದ್ದು?”

“ಜೀಪು ನಿಂತಿದ್ದು ಊರೇ ನೋಡೈತೆ, ಮಾತೂ ಕೇಳೈತೆ. ನೋಡು ಇನ್ನಾಸಣ್ಣ, ಅವಳು ನಿನ್ನ ತಂಗಿ. ಕೊಡಬ್ಯಾಡ ಅನ್ನೋಕೆ ನಾನ್ಯಾರು? ಕೊಡೋದಾದ್ರೆ ಮುಂಚೆ ನಂಗೊಂದು ಮಾತು ಹೇಳು. ಗುಡ್ಡ ಉಳೀಲಿ ಅಂತ ನಾನೂ ಕೂಗಿದೋನು. ದುಡ್ಡು ಇಸ್ಕಂಡು ಜಾತಿ ಕೆಟ್ಟೋನು ಅಂತ ನಮ್ಮೋರು ನನ್ನ ಕಟ್ಟೆ ಮೇಲೆ ಕೂರಿಸ್ಕಣಲ್ಲ. ಮೊದ್ಲೇ ಗೊತ್ತಿದ್ರೆ ಮನೇಲೇ ಕುಂತ್ಕತೀನಿ.”

ನಾನು ಹೇಳಿಕೆಯಲ್ಲಿ ಚರ್ಚು ನೋಡಿದ್ದೆ, ಲೂರ್ದಮ್ಮನನ್ನು ನೋಡಿದ್ದೆ. ಮುರುಗಪ್ಪನನ್ನು ನೋಡಿರಲಿಲ್ಲ.

ಬೇವು ಬಹಳ ಕಹಿ ಈ ಸಲ.

6 ಏಪ್ರಿಲ್

ಚಂದ್ರಕ್ಕ ಬಿಡುಗಡೆಯಾಗಿ ಬಂದಳು. ಮೊಮ್ಮಗುವಿಗೆ ಜ್ವರ ಇಳಿಯುತ್ತಿಲ್ಲವೆಂದು ಗಂಡ ಹೋಗಿ ಅತ್ತ, ಸಹಿ ಹಾಕಿದಳು. ನೇರ ನಮ್ಮ ಮನೆಗೇ ಬಂದು ಹೊಸ್ತಿಲಲ್ಲಿ ನಿಂತಳು, ಒಳಗೆ ಬರಲೊಲ್ಲಳು.

“ಅಕ್ಕನ್ನ ಬಿಟ್ಟು ಬಂದೆ ಅಣ್ಣ.”

“ಬಾರವ್ವ ಒಳಗೆ. ನಾನು ನಿನಗಿಂತ ಮುಂಚೇನೇ ಹಾಕಿದೋನು.”

ಆಗ ಒಳಗೆ ಬಂದಳು. ಲೂರ್ದಮ್ಮನ ಊದಿದ ಕಾಲು ಗಾಯವಾಗಿದೆಯಂತೆ, ಮಾಯುತ್ತಿಲ್ಲವಂತೆ. ಆಸ್ಪತ್ರೆಗೆ ಒಯ್ದು ತಂದಿದ್ದಾರೆ. ಚಂದ್ರಕ್ಕ ಹೊರಡುವಾಗ ಅವಳೇ ಕೈ ಹಿಡಿದು, “ಮಗೀನ ನೋಡ್ಕ, ಇದು ಪಾಪ ಅಲ್ಲ” ಎಂದು ಕಳಿಸಿದಳಂತೆ.

ಚಂದ್ರಕ್ಕ ಹೋದ ಮೇಲೆ ತೀರ್ಮಾನ ಮಾಡಿದೆ. ಹಬ್ಬ ಮುಗಿದ ಕೂಡಲೇ ಹೇಳಿಕೆ ಕೊಟ್ಟುಬಿಡುತ್ತೇನೆ. ಊರು ಉಗಿಯಲಿ. ಅವಳ ಕಾಲು ಉಳಿದರೆ ಸಾಕು. ಮುರುಗಪ್ಪನಿಗೆ ಮಾತ್ರ ಮುಂಚೆ ಹೇಳಬೇಕು.

9 ಏಪ್ರಿಲ್

ಮುರುಗಪ್ಪನಿಗೆ ಹೇಳಲು ಆಗಿಲ್ಲ. ಎರಡು ಸಲ ಹೊಲದ ತನಕ ಹೋಗಿ ಬಂದೆ.

10 ಏಪ್ರಿಲ್

ಶುಭ ಶುಕ್ರವಾರ ನಾವು ಮರದ ಶಿಲುಬೆ ಹೊತ್ತು ಗುಡ್ಡ ಹತ್ತುವುದು ಅಜ್ಜಂದಿರ ಕಾಲದಿಂದ ಬಂದದ್ದು. ಕೆರೆ ಏರಿ ಕಟ್ಟಲು ಬಂದ ಕಲ್ಲುಕುಟಿಗರು ಅವರು. ಕೆಲಸ ಮುಗಿದ ಮೇಲೆ ಉಳಿದ ಕಲ್ಲಿನಲ್ಲಿ ಹದಿನಾಲ್ಕು ಶಿಲುಬೆ ಕಡೆದು ಗುಡ್ಡದ ದಾರಿಯುದ್ದಕ್ಕೂ ನಿಲ್ಲಿಸಿದರು. ಯೇಸುಸ್ವಾಮಿಗೆ ತೀರ್ಪು ಹೇಳಿದ್ದರಿಂದ ಹಿಡಿದು ಸಮಾಧಿ ಮಾಡಿದ್ದರ ತನಕ ಒಂದೊಂದು ಕಲ್ಲಿನ ಹತ್ತಿರ ನಿಂತು ಒಂದೊಂದು ಸಂಕಟ ನೆನೆದು ಮುಂದೆ ಹೋಗುತ್ತೇವೆ.

ಈ ಸಲ ಗುಡ್ಡಕ್ಕೆ ನಿಷೇಧಾಜ್ಞೆ, ಐದು ಜನ ಸೇರುವಂತಿಲ್ಲ. ಫಾದರ್ ಕೊಟ್ಟ ಅರ್ಜಿ ವಾಪಸು ಬಂತು. “ಚರ್ಚಿನ ಅಂಗಳದಲ್ಲೇ ಮಾಡೋಣ ಇನ್ನಾಸಪ್ಪ, ಕಾಲ ಸರಿಯಿಲ್ಲ” ಅಂದರು. ಅವರ ಮಾತೂ ಸರಿ. ಆದರೂ ಒಮ್ಮೆ ಕೇಳಿ ನೋಡೋಣವೆಂದು ಠಾಣೆಗೆ ಹೋದೆ.

“ಎಷ್ಟು ಜನ ಹೋಗ್ಬೌದು ಸ್ವಾಮಿ?”

ಪ್ರಭುಲಿಂಗ ಸಾಹೇಬರು ಫೋನಿನಿಂದ ತಲೆ ಎತ್ತದೆ, “ನಾಲ್ಕು ಜನ ಹೋಗ್ರಿ. ಐದನೇವ್ನು ಕಂಡ್ರೆ ಒಳಗೆ ಹಾಕ್ತೀನಿ” ಅಂದರು. ಪೇದೆಗಳು ನಕ್ಕರು.

ಬರುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿ. ಕಲ್ಲು ಹೊರುವ ನಮಗೆ ನಾಲ್ಕು ಅಂದರೆ ಒಂದು ತಂಡ. ಅಜ್ಜಂದಿರು ಆ ಶಿಲುಬೆಗಳನ್ನು ಹತ್ತಿಸಿದ್ದೂ ಹಾಗೇ. ಕಲ್ಲಿಗೆ ಹಗ್ಗ ಬಿಗಿದು, ಬಿದಿರ ಬೊಂಬು ಸಿಕ್ಕಿಸಿ, ನಾಲ್ಕು ಹೆಗಲು. ಒಂದು ತಂಡ ಇಳಿಸಿ ಪಕ್ಕಕ್ಕೆ ಸರಿದ ಮೇಲೆ ಇನ್ನೊಂದು ತಂಡ ಕೈ ಹಚ್ಚುವುದು.

13 ಏಪ್ರಿಲ್, ಗರಿಗಳ ಭಾನುವಾರ

ಪೂಜೆ ಮುಗಿದ ಮೇಲೆ ಎದ್ದು ನಿಂತು ಹೇಳಿಯೇಬಿಟ್ಟೆ. ಒಂದೊಂದು ಕಲ್ಲಿಗೆ ನಾಲ್ಕು ಜನ. ಮೊದಲ ನಾಲ್ವರು ಶಿಲುಬೆಯನ್ನು ಮೊದಲ ಕಲ್ಲಿನ ತನಕ ಒಯ್ದು, ಒರಗಿಸಿ, ಪ್ರಾರ್ಥನೆ ಮಾಡಿ, ಕೆರೆ ಕಡೆಯ ಕಾಲುದಾರಿಯಲ್ಲಿ ಇಳಿದುಬಿಡಬೇಕು. ಅವರು ಮರೆಯಾದ ಮೇಲೆ ಇನ್ನು ನಾಲ್ವರು ಹತ್ತಿ, ಅದನ್ನು ಎರಡನೇ ಕಲ್ಲಿಗೆ ಒಯ್ಯಬೇಕು. ಎಲ್ಲೂ ಐದಾಗಬಾರದು.

ಫಾದರ್ ಕನ್ನಡಕ ಒರೆಸಿಕೊಂಡರು, ಬೇಡ ಅನ್ನಲಿಲ್ಲ. ನಮ್ಮ ಮನೆಗಳಿಂದ ಲೆಕ್ಕ ಹಾಕಿದರೆ ಜನ ಸಾಲದು, ಮುದುಕರು, ಬಸುರಿಯರು ಬಿಟ್ಟರೆ ಎರಡು ತಂಡ ಕಡಿಮೆ ಬಿತ್ತು. ಸಂಜೆ ಮುರುಗಪ್ಪ ಕೇಳಿಸಿಕೊಂಡು ಬಂದ.

“ಐದನೇ ಕಲ್ಲಿನ ಕತೆ ಏನು?”

“ಯೇಸುಸ್ವಾಮಿಗೆ ಹೊರೋಕಾಗಲಿಲ್ಲ. ಸೀಮೋನ ಅಂತ ಒಬ್ಬ ಹೊಲದಿಂದ ಮನೆಗೆ ಹೋಗ್ತಿದ್ದ. ಅವನಿಗೂ ಇದಕ್ಕೂ ಸಂಬಂಧ ಇಲ್ಲ. ಸಿಪಾಯಿಗಳು ಹಿಡಿದು ಅವನ ಹೆಗಲಿಗೆ ಹೊರಿಸಿದ್ರು.”

“ಹೊಲದಿಂದ ಹೋಗ್ತಿದ್ದೋನ್ನ ಹಿಡಿದ್ರಾ? ಹಂಗಾದ್ರೆ ಅದು ನಂದು ಬಿಡು. ಇನ್ನು ಮೂರು ಜನ ಕರ್ಕಂಡು ಬರ್ತೀನಿ. ನಾವೇನು ಓದ್ಬೇಕು?”

“ಏನೂ ಬ್ಯಾಡ. ಹೊತ್ಕಂಡು ಹೋಗಿ ಇಳಿಸ್ರಿ.”

ಆರನೆಯದನ್ನು ಚಂದ್ರಕ್ಕ ಕೇಳಿದಳು. ವೆರೋನಿಕಮ್ಮ ಯೇಸುಸ್ವಾಮಿಯ ಮುಖ ಒರೆಸಿದ ಸ್ಥಳ, ವರ್ಷವೂ ಲೂರ್ದಮ್ಮನದು.

ಹೇಳಿಕೆಯ ವಿಷಯ ಮುರುಗಪ್ಪನಿಗೆ ಇವತ್ತೂ ಹೇಳಲಿಲ್ಲ.

18 ಏಪ್ರಿಲ್, ಶುಭ ಶುಕ್ರವಾರ

ಮೈ ಕೈ ಎಲ್ಲ ನೋವು, ಆದರೂ ಇವತ್ತೇ ಬರೆಯಬೇಕು.

ಗುಡ್ಡದ ಬುಡದಲ್ಲಿ ಎರಡು ಜೀಪು. ಪೇದೆ ಒಬ್ಬ ದಾರಿಗಡ್ಡ ನಿಂತು ಬೆರಳು ಮಾಡಿ ಎಣಿಸಿದ. “ಒಂದು, ಎರಡು, ಮೂರು, ನಾಲ್ಕು. ಹೋಗ್ರಿ.” ಅವರು ಹತ್ತಿ, ಇಳಿಸಿ, ಮರೆಯಾದ ಮೇಲೆ ಇನ್ನು ನಾಲ್ವರು. ಅವನು ಮತ್ತೆ ಎಣಿಸಿದ. ಮೂರನೇ ತಂಡ ಬಂದಾಗ ಅವನಿಗೆ ಅರ್ಥವಾಯಿತು. ಸಾಹೇಬರಿಗೆ ಫೋನು ಮಾಡಿದ. ಸಾಹೇಬರು ಬರುವ ಹೊತ್ತಿಗೆ ಐದನೇ ತಂಡ, ಮುರುಗಪ್ಪ ಮತ್ತು ಅವನ ಮೂವರು, ತಲೆಗೆ ಟವಲ್ಲು ಸುತ್ತಿ ನಿಂತಿದ್ದರು. ಹಿಂದೆ ಅವನ ನಾಯಿ.

“ಐದಾಯ್ತು!” ಅಂದ ಪೇದೆ.

“ನಾಯೀನೂ ಲೆಕ್ಕಕ್ಕೈತೇನ್ರಿ ಸಾರ್? ಅದು ಮುಚ್ಚಳಿಕೆ ಬರೆದಿಲ್ಲ” ಅಂದ ಮುರುಗಪ್ಪ. ಪೇದೆಗೇ ನಗು ಬಂತು. ಸಾಹೇಬರು ನಗಲಿಲ್ಲ, ಫೋನು ಎತ್ತಿ ಫೋಟೋ ಹಿಡಿದರು.

ಎರಡು ತಂಡಗಳ ನಡುವೆ ಶಿಲುಬೆಯೊಂದೇ ಗುಡ್ಡದಲ್ಲಿ ನಿಂತಿರುತ್ತಿತ್ತು. ಸುತ್ತ ಯಾರೂ ಇಲ್ಲ. ಕಂಪನಿಯವರು ನೆಟ್ಟ ಬಿಳಿ ಗೂಟಗಳು, ಬಿಸಿಲು, ಅದು. ಅರವತ್ತು ವರ್ಷದಿಂದ ಗುಂಪಿನ ನಡುವೆ ನಡೆದವನು ನಾನು, ಹಾಗೆ ನೋಡಿದ್ದು ಇವತ್ತೇ. ಪಾಪ, ಒಬ್ಬನನ್ನೇ ಬಿಟ್ಟಿದ್ದಾರೆ ಎಂದು ಅನಿಸಿತು. ಅಷ್ಟರಲ್ಲಿ ಕೆಳಗಿನಿಂದ ನಾಲ್ಕು ತಲೆ ಕಾಣುತ್ತಿದ್ದವು. ಪ್ರತಿ ಸಲವೂ ಕಾಣುತ್ತಿದ್ದವು.

ಕೊನೆಯ ತಂಡ ನನ್ನದು. ನಾನು ಮೊದಲ ಹೆಜ್ಜೆ ಇಡುವಾಗ ಸಾಹೇಬರು ಹತ್ತಿರ ಬಂದು, “ಇನ್ನಾಸಪ್ಪ, ನೀನು ಮುಚ್ಚಳಿಕೆ ಬರ್ಕೊಟ್ಟೋನು. ನೆನಪೈತಾ?” ಅಂದರು.

“ಐತೆ ಸ್ವಾಮಿ” ಎಂದು ಹತ್ತಿದೆ. ಮೊಣಕಾಲು ಹಿಡಿದುಕೊಳ್ಳುತ್ತಿತ್ತು, ಬೇರೆ ಯೋಚನೆಗೆ ಪುರುಸೊತ್ತಿರಲಿಲ್ಲ.

19 ಏಪ್ರಿಲ್

ಮುರುಗಪ್ಪ ಶಿಲುಬೆ ಹೊತ್ತ ಫೋಟೋ ಎಲ್ಲರ ಮೊಬೈಲಿಗೂ ಬಂದಿದೆ. ‘ಶರಣರ ನಾಡಲ್ಲಿ ಮತಾಂತರ’ ಎಂದು ಮೇಲೆ ಬರೆದಿದ್ದಾರೆ. ತಾಳ್ಯದಿಂದ, ಭೀಮಸಮುದ್ರದಿಂದ ಅವನ ಬೀಗರು ಫೋನು ಮಾಡಿ ಬೈಯುತ್ತಿದ್ದಾರಂತೆ. ನನ್ನಿಂದ ಹೀಗಾಯಿತು ಎಂದು ಅವನ ಮನೆಗೆ ಹೋದೆ. ಕಟ್ಟೆಯ ಮೇಲೆ ಅವನ ಕಡೆಯವರು ನಾಲ್ಕೈದು ಜನ ಕೂತಿದ್ದರು.

“ಲೇ, ಲಿಂಗ ಕಟ್ಕಂಡು ಶಿಲುಬೆ ಹೊತ್ತೀಯಲ್ಲೋ!” ಎಂದು ಒಬ್ಬ ಕೂಗಾಡುತ್ತಿದ್ದ.

ಮುರುಗಪ್ಪ ಅಂಗಿಯೊಳಗಿಂದ ಲಿಂಗ ತೆಗೆದು ತೋರಿಸಿದ. “ಇಲ್ಲೈತೆ ನೋಡು. ಹೊತ್ತಾಗಲೂ ಇತ್ತು. ನಾನು ಮತ ಬದ್ಲಾಯ್ಸಿಲ್ಲ, ಭಾರ ಹೊತ್ತೀನಿ. ಗುಡ್ಡ ಹೋದ್ಮ್ಯಾಲೆ ನಿನ್ನ ಬಾವಿಗೆ ನೀರು ಯಾರು ಹೊತ್ತು ಹಾಕ್ತಾರೆ?”

ಲಿಂಗವನ್ನು ಮತ್ತೆ ಅಂಗಿಯೊಳಗೆ ಇಟ್ಟುಕೊಂಡ. ಆಗ ಅಲ್ಲೇ ಎಲ್ಲರ ಮುಂದೆ ಹೇಳಿದೆ, ಹೇಳಿಕೆ ಕೊಡುವುದೆಂದು ಮನಸ್ಸು ಮಾಡಿದ್ದೆ ಎಂದು. ‘ಮಾಡಿದ್ದೇನೆ’ ಅನ್ನಬೇಕಿತ್ತು, ‘ಮಾಡಿದ್ದೆ’ ಎಂದೇ ಬಾಯಿಂದ ಬಂತು.

21 ಏಪ್ರಿಲ್, ಸೋಮವಾರ

ನಿನ್ನೆ ಪಾಸ್ಕ, ಯೇಸುಸ್ವಾಮಿ ಸಾವಿನಿಂದ ಎದ್ದ ಹಬ್ಬ. ಇವತ್ತು ಠಾಣೆಗೆ ಕರೆಸಿದರು.

“ಎಲ್ರನ್ನೂ ಗುಡ್ಡ ಹತ್ಸಿದ್ದು ನೀನೇ ಅಲ್ವೇನಯ್ಯ?”

“ಹೌದು ಸ್ವಾಮಿ. ನಾಲ್ಕು ಜನ ಹೋಗ್ರಿ ಅಂತ ತಾವೇ ಅಂದ್ರಿ.”

“ತಮಾಷೆಗೆ ಅಂದಿದ್ದು ಕಣಯ್ಯ!”

“ನಂಗೆ ತಮಾಷೆ ಬೇಗ ತಿಳಿಯಲ್ಲ ಸ್ವಾಮಿ.”

ಹೇಳಿಕೆಯನ್ನು ಮೊದಲೇ ಬರೆಸಿಟ್ಟಿದ್ದರು. ಮುಂದಿಟ್ಟು, ಸಹಿ ಹಾಕಿದರೆ ಲೂರ್ದಮ್ಮ ಇವತ್ತೇ ಮನೆಗೆ, ಇಲ್ಲದಿದ್ದರೆ ಮುಚ್ಚಳಿಕೆ ಮುರಿದದ್ದಕ್ಕೆ ನಾಳೆ ನೀನೂ ಒಳಗೆ ಅಂದರು. ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಓದಿದೆ. ಮುರುಗಪ್ಪನ ಹೆಸರು ಹಾಕಿ, ಹಣ ಪಡೆದವನು ಎಂದಿತ್ತು. ಅವಳನ್ನು ‘ಅವಿವೇಕಿ ಹೆಂಗಸು’ ಎಂದಿತ್ತು. ಅವಳ ಊದಿದ ಕಾಲು ಕಣ್ಣ ಮುಂದೆ ಬಂತು. ಬಹಳ ಹೊತ್ತು ಅದೊಂದೇ ಇತ್ತು.

“ಇದು ನನ್ನ ಕೈಲಾಗಲ್ಲ ಸ್ವಾಮಿ.”

“ತಂಗಿ ಸತ್ರೆ?”

ಕುಡಿಯಲು ನೀರು ಕೇಳಿದೆ. ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡೆ. ಅಷ್ಟು ಪುಕ್ಕಲ ನಾನು. ಸಾಹೇಬರು ಅದನ್ನು ನೋಡುತ್ತ ಇದ್ದು, “ಇಷ್ಟು ಹೆದರ್ತೀಯ, ಸಹಿ ಮಾತ್ರ ಹಾಕಲ್ಲ. ಏನು ಮಾಡ್ಲಯ್ಯ ನಿನ್ನ?” ಅಂದರು. ದನಿಯಲ್ಲಿ ಸಿಟ್ಟಿಗಿಂತ ಬೇಸರ ಇತ್ತು.

ಮುರುಗಪ್ಪ ಹೊರಗೆ ಮಂಡಕ್ಕಿ ಪೊಟ್ಟಣ ಹಿಡಿದು ಕಾಯುತ್ತಿದ್ದ. ಬಸ್ಸು ಬರುವ ತನಕ ತಿಂದೆವು.

22 ಏಪ್ರಿಲ್, ಬೆಳಿಗ್ಗೆ

ಎರಡು ಪಂಚೆ, ಒಂದು ಅಂಗಿ, ಮೊಣಕಾಲಿನ ಎಣ್ಣೆ. ಎಣ್ಣೆ ಬಿಡುತ್ತಾರೋ ಇಲ್ಲವೋ. ಎಮ್ಮೆಯನ್ನೂ ಕರುವನ್ನೂ ಕಮಲಮ್ಮ ಹೊಡೆದುಕೊಂಡು ಹೋದಳು. ಲೂರ್ದಮ್ಮನನ್ನು ಇವತ್ತೇ ಡಾಕ್ಟರಿಗೆ ತೋರಿಸಬೇಕೆಂದು ಗಂಗಾಧರಪ್ಪನವರು ಕೋರ್ಟಿನಲ್ಲಿ ಕೇಳುತ್ತಾರಂತೆ. ಚಂದ್ರಕ್ಕ ಬಾಗಿಲಲ್ಲಿ ಕೂತು ಅಳುತ್ತಿದ್ದಾಳೆ, ಟೀ ಮಾಡವ್ವ ಅಂದರೆ ಕೇಳುತ್ತಿಲ್ಲ, ನಾನೇ ಮಾಡಬೇಕು.

ಜೈಲಿನಲ್ಲಿ ಗಂಡಸರ ಕಡೆಯಿಂದ ಹಾಡಿದರೆ ಹೆಂಗಸರ ಕಡೆಗೆ ಕೇಳುತ್ತದೋ ಇಲ್ಲವೋ ಎಂದು ವಕೀಲರನ್ನು ಕೇಳಬೇಕಿತ್ತು, ಮರೆತೆ. ಈ ವರ್ಷ ಅವಳಿಗೆ ಪಾಸ್ಕದ ಹಾಡು ಯಾರೂ ಹೇಳಿಲ್ಲ. ನನ್ನ ದನಿ ಗಟ್ಟಿ ಇದೆ, ಗೋಡೆ ತೀರಾ ದಪ್ಪ ಇರದಿದ್ದರೆ ಸಾಕು.